ಏಳನೆಯ ಡಬ್ಬಿ

ಟಿಂಗ್ ಟಿಂಗ್ ಟಿಂಗ್ — ಯಾರದೋ ಫೋನು ಅಂದುಕೊಂಡೆ, ಮೂವತ್ತೆರಡು ವರ್ಷ ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತ ಕಿವಿ ಇದು, ಎಲ್ಲಿ ಏನು ಟಿಂಗೆಂದರೂ ಹಲೋ ಎನ್ನಲು ಬಾಯಿ ತೆರೆಯುತ್ತದೆ — ಅಲ್ಲ, ಫೋನಲ್ಲ, ಕಾರು ಕೂಗುತ್ತಿದೆ, ಹಿಂದಿನ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕಿಕೊಳ್ಳದೆ ಕೂತಿದ್ದಾರಂತೆ, ಯಾರೂ ಇಲ್ಲವಲ್ಲ, ಇರುವುದು ನನ್ನ ಬ್ಯಾಗು, ಬ್ಯಾಗಿನಲ್ಲಿ ಆರು ಸ್ಟೀಲ್ ಡಬ್ಬಿ, ಡಬ್ಬಿಗಳ ತುಂಬ ಕೋಡುಬಳೆ, ನಿಪ್ಪಟ್ಟು, ಹುಳಿಪುಡಿ, ಆ ಭಾರಕ್ಕೆ ಕಾರು ಮನುಷ್ಯರೇ ಅಂದುಕೊಂಡಿದೆ ಪಾಪ. ಪ್ರಣತಿ ಮೆಲ್ಬೋರ್ನ್ ಏರ್‌ಪೋರ್ಟಿನ ಪಾರ್ಕಿಂಗಿನಲ್ಲೇ ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದು, ಬ್ಯಾಗಿನ ಹೊಟ್ಟೆಗೆ ಅಡ್ಡಲಾಗಿ ಬೆಲ್ಟ್ ಎಳೆದು ಟಕ್ಕೆಂದು ಹಾಕಿದಳು, ಮತ್ತೆ ಬಂದು ಸ್ಟೀರಿಂಗ್ ಹಿಡಿದಳು. ನನಗೆ ನಗು, ನಕ್ಕರೆ ಏನಂದುಕೊಳ್ಳುತ್ತಾಳೋ ಎಂದು ಕೆಮ್ಮಿದೆ. ಅವರಿದ್ದಿದ್ದರೆ ಅಲ್ಲೇ ಕೂರುತ್ತಿದ್ದರು, ಮಗಳು ಓಡಿಸುವಾಗ ಹಿಂದಿನ ಸೀಟೇ ಆಗಬೇಕು ಅವರಿಗೆ, ಮುಂದೆ ಕೂತರೆ ಇಲ್ಲದ ಬ್ರೇಕು ಒತ್ತಿ ಒತ್ತಿ ಮಂಡಿ ನೋಯುತ್ತೆ ಕಣೇ ಎನ್ನುತ್ತಿದ್ದರು. ಕನ್ನಡಿಯಲ್ಲಿ ನೋಡಿದೆ, ಬ್ಯಾಗು ಬೆಲ್ಟ್ ಹಾಕಿಕೊಂಡು ಗಂಭೀರವಾಗಿ ಕೂತಿದೆ.

ಇವಳು ಅವರ ಮಗಳು, ತೀರಿಹೋದ ಮೊದಲನೆಯ ಹೆಂಡತಿಯ ಮಗಳು, ನನಗೆ ಏನಾಗಬೇಕು ಎಂದು ಮೂರು ವರ್ಷದಿಂದ ಇಬ್ಬರಿಗೂ ಗೊತ್ತಾಗದೆ ಆಂಟಿ ಎಂಬಲ್ಲಿಗೆ ನಿಂತಿದ್ದೇವೆ. ಚೆನ್ನಾಗಿದೀರಾ ಆಂಟಿ, ಫ್ಲೈಟ್ ಲೇಟಾಯ್ತಾ ಆಂಟಿ, ಮುಗಿಯಿತು. ಕೇಳಬೇಕಾದ್ದನ್ನು ಇವತ್ತು ನಾನೂ ಕೇಳಿಲ್ಲ, ಹೇಳಬೇಕಾದ್ದನ್ನು ಅವಳೂ ಹೇಳಿಲ್ಲ, ಫೋನಿನಲ್ಲಿ ಕೇಳಿದಾಗ ಬನ್ನಿ, ನೋಡೋಣ ಅಂದಿದ್ದಳು, ನೋಡೋಣ ಎಂದರೆ ಹೌದೋ ಅಲ್ಲವೋ, ಅಪ್ಪನ ಹಾಗೇ ಇವಳೂ, ಬಾಯಿಂದ ಮಾತು ಹೊರಡಿಸಲು ಟ್ರಂಕ್ ಕಾಲ್ ಬುಕ್ ಮಾಡಬೇಕು. ಬೇಕಾಗಿರುವುದು ಒಂದೇ ಒಂದು ಕಾಗದ, ಸ್ಟ್ಯಾಟ್ ಡೆಕ್ ಎನ್ನುತ್ತಾರೆ ಇಲ್ಲಿ, ಪ್ರಮಾಣ ಮಾಡಿ ಬರೆಯುವ ಹೇಳಿಕೆ, ಇವಳು ನನ್ನ ಅಪ್ಪನೂ ಈಕೆಯೂ ನಿಜವಾಗಿ ಗಂಡಹೆಂಡಿರಾಗಿ ಬಾಳುತ್ತಿದ್ದರು, ಅಪ್ಪ ಹೋಗದೇ ಇದ್ದಿದ್ದರೆ ಮುಂದೆಯೂ ಬಾಳುತ್ತಿದ್ದರು ಎಂದು ಬರೆದು, ಯಾವುದಾದರೂ ಫಾರ್ಮಸಿಯವನ ಎದುರು ಸೈನ್ ಹಾಕಿದರೆ ಸಾಕು, ಈ ದೇಶದಲ್ಲಿ ಮಾತ್ರೆ ಕೊಡುವವನೇ ಮದುವೆಗೂ ಸಾಕ್ಷಿ. ಮುಂದಿನ ಶುಕ್ರವಾರದೊಳಗೆ ಎಲ್ಲ ಕಳಿಸಬೇಕು, ಇಲ್ಲದಿದ್ದರೆ ಪಿಆರ್, ಇಲ್ಲೇ ಖಾಯಂ ಉಳಿಯುವ ವೀಸಾ, ಇಲ್ಲ, ಪಿಆರ್ ಇಲ್ಲದಿದ್ದರೆ ಚಿತ್ರದುರ್ಗ, ಅಲ್ಲಿ ನನಗೆ ಮನೆಯೂ ಇಲ್ಲ, ಜನವೂ ಇಲ್ಲ, ಇದ್ದರೂ ನನಗೆ ಹೋಗಲು ಇಷ್ಟವಿಲ್ಲ, ಅಷ್ಟೇ. ನಾನು ಜಗಳವಾಡಿದ ಅಡುಗೆಮನೆ ಸಿಡ್ನಿಯ ಎಪ್ಪಿಂಗಿನಲ್ಲಿದೆ.

ಐವತ್ತೊಂಬತ್ತನೇ ವಯಸ್ಸಿಗೆ ಮೊದಲ ಮದುವೆ ನನ್ನದು, ಜನ ಬಿದ್ದು ಬಿದ್ದು ನಕ್ಕರು, ನಗಲಿ, ನಾನೂ ನಕ್ಕೆ. ಚಕ್ರಪಾಣಿ, ಮೈಸೂರಿನವರು, ಮೆಕ್ಯಾನಿಕಲ್ ಇಂಜಿನಿಯರ್, ಮೂವತ್ತು ಚಿಲ್ಲರೆ ವರ್ಷದಿಂದ ಸಿಡ್ನಿಯವರು, ಮದುವೆಗೆ ಮುಂಚೆ ಫೋನಿನಲ್ಲಿ ನಾಲ್ಕು ತಿಂಗಳು ಮಾತಾಡಿದೆವು, ನಾನು ಮಾತಾಡಿದೆ ಅನ್ನು, ಅವರು ಹ್ಞೂಂ ಅಂದರು. ಆಮೇಲೆ ವೀಸಾ, ಮೊದಲು ಟೆಂಪರರಿ ಕೊಡುತ್ತಾರೆ, ಎರಡು ವರ್ಷ ಕಳೆದ ಮೇಲೆ ಪರ್ಮನೆಂಟು, ಉಪ್ಪು ಜಾಸ್ತಿಯಾಯಿತು ರೀ ಎಂದು ನಾನು ಮುಖ ಗಂಟಿಕ್ಕಿದರೆ ಸುಮ್ನಿರೇ, ನೀನಿನ್ನೂ ಟೆಂಪರರಿ ಹೆಂಡ್ತಿ, ಜಾಸ್ತಿ ಮಾತಾಡ್ಬೇಡ ಎನ್ನುವರು, ಸೌಟು ಹಿಡಿದುಕೊಂಡೇ ನಗುವರು, ಹೌದು, ಸೌಟು ಅವರ ಕೈಯಲ್ಲೇ, ಅಡುಗೆ ಅವರದೇ, ನನಗೆ ಚಿತ್ರಾನ್ನದ ಮೇಲೆ ಏನೂ ಬರುವುದಿಲ್ಲ. ಪರ್ಮನೆಂಟಿಗೆ ಕಾಯುತ್ತಿದ್ದೆವು, ಕಾಯುತ್ತಿರುವಾಗಲೇ ಅವರು ಹೊರಟುಬಿಟ್ಟರು.

ಲಾರಿಯೊಂದು ಪಕ್ಕದಲ್ಲಿ ಹೋಯಿತು, ಕಾರು ಅಲ್ಲಾಡಿತು, ಏನು ಗಾಳಿ ಈ ಊರಲ್ಲಿ, ಹಿಂದೆ ಡಬ್ಬಿಗಳು ಕಿಣಿಕಿಣಿ ಎಂದವು, ಬೆಲ್ಟ್ ಇದೆ, ಬೀಳುವುದಿಲ್ಲ. ಆ ಡಬ್ಬಿಗಳನ್ನು ಸಿಡ್ನಿಯಲ್ಲೇ ಪೆಂಡಲ್ ಹಿಲ್‌ನ ನಮ್ಮವರ ಅಂಗಡಿಯಿಂದ ತಂದದ್ದು, ಒಂದರೊಳಗೊಂದು ಕೂರುವ ಏಳರ ಸೆಟ್ಟು, ತಂದವರು ಸುಮ್ಮನಿದ್ದರೆ ತಾನೆ, ಇಂಜಿನಿಯರ್ ಅಲ್ಲವೇ, ಹೆಸರು ಕೊರೆಯುವ ಮಿಷನ್ನೂ ತಂದರು, ಊರಲ್ಲಿ ಪಾತ್ರೆ ಅಂಗಡಿಯವನು ಕೊರೆದುಕೊಡುತ್ತಾನಲ್ಲ ಅಂಥದ್ದು, ಬಾಲ್ಕನಿಯಲ್ಲಿ ಪೇಪರ್ ಹಾಸಿ ಕೂತರು, ಚಕ್ರಪಾಣಿ ಅನಸೂಯಾ ಎಂದು ಮುಚ್ಚಳದ ಮೇಲೆ, ಕೆಳಗೆ ವರ್ಷ, ಅದೂ ಕನ್ನಡದ ಅಂಕಿಯಲ್ಲಿ. ಚಿಕ್ಕದರ ಮೇಲೆ ೨೦೨೨, ಮದುವೆಯ ವರ್ಷ, ಅದಕ್ಕಿಂತ ದೊಡ್ಡದರ ಮೇಲೆ ೨೦೨೩, ಆಗ ನಡೆಯುತ್ತಿದ್ದ ವರ್ಷ, ಸರಿ, ನಾನು ಕಾಫಿ ಕುಡಿಯುತ್ತ ನೋಡುತ್ತಿದ್ದೇನೆ, ಕೈ ನಿಲ್ಲುತ್ತಲೇ ಇಲ್ಲ, ೨೦೨೪, ೨೦೨೫, ಮಿಷನ್ನು ಬಿಸಿಯಾಗಿದೆ, ಒಂದೇ ಸಲಕ್ಕೆ ಮುಗಿಸ್ಬಿಡೋಣ, ವರ್ಷಕ್ಕೊಂದು ಡಬ್ಬಿ, ನಮ್ಮ ಆನಿವರ್ಸರಿಗೆ ಎನ್ನುತ್ತ ೨೦೨೬, ೨೦೨೭ — ಬಾರದ ವರ್ಷ ಯಾರಾದರೂ ಬರೆಯುತ್ತಾರೆಯೇ, ಕೊನೆಯ ದೊಡ್ಡ ಡಬ್ಬಿಗೆ ಬಂದಾಗ ತಡೆಯಲಾಗದೆ ರೀ ಬೇಡಿ ರೀ ಎಂದು ಕಿರುಚಿದೆ, ಅವರು ಬೆಚ್ಚಿದರು, ಕೈ ಜಾರಿತು, ೨೦೨೮ರ ಎಂಟರ ಬಾಲ ಸರ್‍ರನೆ ಮುಚ್ಚಳದ ಅಂಚಿನವರೆಗೂ ಹೋಯಿತು. ಆ ಗೀಟು. ನೋಡು ಏನ್ಮಾಡಿದೆ ಅಂದರು, ನಾನಾ ಮಾಡಿದ್ದು ಅಂದೆ, ಸಂಜೆಯವರೆಗೆ ಮಾತು ಬಿಟ್ಟೆವು, ಸಂಜೆ ಅವರು ಬಿಸಿಬೇಳೆಬಾತ್ ಮಾಡಿದರು, ನಾನು ತಿಂದೆ.

ಈ ಮಾರ್ಚಿನಲ್ಲಿ, ಬೆಳಿಗ್ಗೆ ಗೆಳೆಯ ಸಿದ್ದಣ್ಣನ ಜೊತೆ ವಾಕಿಂಗ್ ಹೋದರು, ಪಾರ್ಕಿನ ಬೆಂಚಿನಲ್ಲಿ ಒಂದು ನಿಮಿಷ ಕೂರ್ತೀನಿ ಸಿದ್ದಣ್ಣ ಅಂದರಂತೆ, ಕೂತರು, ಅಷ್ಟೇ. ನಾನು ಹಾಲು ಕಾಯಿಸಿಟ್ಟಿದ್ದೆ. ಅಳು ಬಂತು, ಬಹಳ ಬಂತು, ಈಗಲೂ ಬರುತ್ತದೆ, ಬಂದರೆ ಅತ್ತುಬಿಡುತ್ತೇನೆ, ತಡೆದಿಟ್ಟುಕೊಂಡು ಯಾರಿಗೆ ಕೊಡಲಿ. ವೈಕುಂಠ ಸಮಾರಾಧನೆಯ ದಿನ ಲಾಡು ಹಂಚುವಾಗ ಶೆಲ್ಫಿನಲ್ಲಿ ಆ ಡಬ್ಬಿಗಳು ಕಂಡವು, ಆನಿವರ್ಸರಿ ಬಾರದೇ ಹೋದ ವರ್ಷಗಳ ನಾಲ್ಕು ಡಬ್ಬಿ, ಮೈಯೆಲ್ಲ ಉರಿಯಿತು, ಕಣ್ಣೆದುರಿಗೆ ಬೇಡವೆಂದು ಲಾಡು ತುಂಬಿ ತುಂಬಿ ಬಂದವರ ಕೈಗೆ ಕೊಟ್ಟುಬಿಟ್ಟೆ, ೨೦೨೫ ಪಕ್ಕದ ಫ್ಲ್ಯಾಟಿನ ಮಾಧುರಿಗೆ, ೨೦೨೬ ಪೆಂಡಲ್ ಹಿಲ್ ಅಂಗಡಿಯಲ್ಲಿ ಕೂರುವ ನೀಲಕ್ಕನಿಗೆ, ೨೦೨೭ ಸಿದ್ದಣ್ಣನಿಗೆ, ಎಲ್ಲಕ್ಕಿಂತ ದೊಡ್ಡದು, ಗೀಟು ಬಿದ್ದದ್ದು, ಪ್ರಣತಿಗೆ. ಡಬ್ಬಿ ವಾಪಸ್ಸು ಬೇಡಮ್ಮ ಎಂದೂ ಹೇಳಿದೆ ನೋಡು, ನನ್ನ ಬುದ್ಧಿಗೆ ಏನು ಹೇಳಲಿ.

ಯಾಕೆಂದರೆ ಆಮೇಲೆ ಗೋಪೀನಾಥ, ನಮ್ಮ ವೀಸಾ ಏಜೆಂಟು, ಕಾಗದವೆಲ್ಲ ಹರಡಿಕೊಂಡು ಕೂತ, ಜಾಯಿಂಟ್ ಅಕೌಂಟ್ ಇದೆ, ಫೋಟೋ ಇದೆ, ಇದೆಲ್ಲ ಆಗಿಹೋದದ್ದಕ್ಕೆ ಸಾಕ್ಷಿ ಮೇಡಂ, ಸರ್ ಇದ್ದಿದ್ರೆ ಮುಂದಕ್ಕೂ ಜೊತೇಲೇ ಇರ್ತಿದ್ರಿ ಅನ್ನೋದಕ್ಕೆ ಏನಿದೆ, ಆಮೇಲೆ ಈ ದೇಶದ ಜೊತೆ ನಿಮಗೇನು ನಂಟು ಅಂತಾನೂ ಕೇಳ್ತಾರೆ ಎಂದ. ಮುಂದಕ್ಕೆ ಸಾಕ್ಷಿ ಎಲ್ಲಿಂದ ತರಲಪ್ಪ, ನಾಳೆಯ ಫೋಟೋ ತೆಗೆಸಿದವರುಂಟೇ ಎಂದು ನಕ್ಕೆ, ನಗುತ್ತಿದ್ದಂತೆ ಹಣೆ ಚಚ್ಚಿಕೊಂಡೆ, ಡಬ್ಬಿ! ಗೋಪೀನಾಥ ಮೂರು ಸಲ ಕೇಳಿದ, ನಿಜವಾಗ್ಲೂ ಬರೆದಿದಾರಾ ಮೇಡಂ, ೨೦೨೮ರ ತನಕಾನಾ, ಆಮೇಲೆ ಕನ್ನಡ ಅಂಕಿ ಅಂದ್ರೆ ಟ್ರಾನ್ಸ್‌ಲೇಶನ್ ಬೇಕಾಗುತ್ತೆ ಎಂದ, ನಾಲ್ಕು ಅಂಕಿಗೆ ಟ್ರಾನ್ಸ್‌ಲೇಶನ್ನು! ನಾಚಿಕೆ ಬಿಟ್ಟು ವಾಪಸ್ಸು ಕೇಳಲು ಹೋದರೆ ಮಾಧುರಿ ಡಬ್ಬಿ ಜೊತೆಗೆ ಕೋಡುಬಳೆ ಕೊಟ್ಟಳು, ಸಿದ್ದಣ್ಣ ತಾನೇ ಕರಿದ ನಿಪ್ಪಟ್ಟು, ನೀಲಕ್ಕ ಬಿಲ್ಲಿಂಗ್ ಬಿಟ್ಟು ಎದ್ದು ಬಂದು ಖಾಲಿ ಡಬ್ಬಿ ಹೆಂಗ್ ಕೊಡ್ಲಿ ಅನಸೂಯಕ್ಕ ಎಂದು ಹುಳಿಪುಡಿ ತುಂಬಿ ಒತ್ತಿ ಒತ್ತಿ ಮುಚ್ಚಿದಳು, ಮೂವರೂ ನನ್ನ ಬಗ್ಗೆ ಒಂದೊಂದು ಪುಟ ಬರೆದೂ ಕೊಟ್ಟರು, ಎರಡನೇ ಪ್ರಶ್ನೆ ಮುಗೀತು ಬಿಡಿ ಮೇಡಂ ಎಂದ ಗೋಪೀನಾಥ, ಕೋಡುಬಳೆ ಕಡಿಯುತ್ತ. ಉಳಿದದ್ದು ದೊಡ್ಡ ಡಬ್ಬಿ, ಮತ್ತೆ ಮಗಳ ಕಾಗದ, ಏಳೂ ಡಬ್ಬಿ ಸಾಲಾಗಿಟ್ಟು ಒಂದು ಫೋಟೋ. ಅದಕ್ಕೇ ಆರನ್ನೂ ಹೊತ್ತುಕೊಂಡು ಬಂದೆ, ಮನೆಯಲ್ಲಿದ್ದ ಮೂರನ್ನೂ ತುಂಬಿಸಿ, ಸಿಡ್ನಿ ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿಯ ಹುಡುಗಿ ಎಲ್ಲ ಮುಚ್ಚಳ ತೆಗೆಸಿದಳು, ಹುಳಿಪುಡಿಗೆ ಸೀನಿದಳು, ಏನಿದು ಅಂದಳು, ಎವಿಡೆನ್ಸ್ ಅಂದೆ.

ಪಾಯಿಂಟ್ ಕುಕ್ ಬೋರ್ಡು ಬಂತು, ಇನ್ನೇನು ಇವಳ ಮನೆ. ಪ್ರಣತಿ ಲೇನ್ ಬದಲಿಸಿದಳು, ಅಪ್ಪನ ಹಾಗೇ ಎರಡೆರಡು ಸಲ ಹಿಂದೆ ನೋಡಿ. ಇವಳು ನಮ್ಮ ಮದುವೆಗೆ ಬರಲಿಲ್ಲ, ಬರದಿದ್ದರೆ ಬೇಡ, ಮೊದಲ ಯುಗಾದಿಗೆ ಸಿಡ್ನಿಗೆ ಬಂದವಳು ಅಡುಗೆಮನೆಯಲ್ಲಿ ನನ್ನ ಮುಖಕ್ಕೇ ಹೇಳಿದಳು, ನಿಮಗೆ ಪಿಆರ್ ಬೇಕಿತ್ತು, ಅಪ್ಪಂಗೆ ಅಡುಗೆಯವರು ಬೇಕಿತ್ತು, ಅಷ್ಟೇ ತಾನೆ ಆಂಟಿ. ಅಡುಗೆ ನಿಮ್ಮಪ್ಪಂದೇ ಕಣಮ್ಮ, ನಾನು ತಿನ್ನೋದಷ್ಟೇ ಅಂದೆ, ಅವಳು ನಗಲಿಲ್ಲ, ರಾತ್ರಿ ನಾನು ಅತ್ತೆ. ಅವಳಮ್ಮ ಕೂತ ಕುರ್ಚಿ, ಅವಳಮ್ಮ ನೆಟ್ಟ ಕರಿಬೇವು, ನನ್ನನ್ನು ನೋಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ, ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ. ಈಗ ಅದೇ ಹುಡುಗಿಯ ಹತ್ತಿರ ಬಂದಿದ್ದೇನೆ, ಪಿಆರ್‌ಗೆ ಸೈನ್ ಹಾಕಮ್ಮ ಎಂದು, ಅವಳು ಹೇಳಿದ್ದೇ ನಿಜ ಮಾಡಲು ಬಂದ ಹಾಗೆ. ಡಬ್ಬಿ ಇದೆಯಾ ಎಂದು ಫೋನಿನಲ್ಲಿ ಕೇಳಿದ್ದಕ್ಕೂ ಹುಡುಕ್ಬೇಕು ಆಂಟಿ ಅಂದಿದ್ದಳು, ಬಿಸಾಕಿದ್ದಾಳೆ, ಗ್ಯಾರಂಟಿ ಬಿಸಾಕಿದ್ದಾಳೆ. ಏನಮ್ಮಾ, ಫಾರ್ಮಸಿಗೆ ಹೋಗಿ ಹೋಗೋಣವೇ ಎಂದು ಕೊನೆಗೂ ಕೇಳಿದೆ, ಬೇಡ ಆಂಟಿ, ಮೊದಲು ಮನೆಗೆ ಹೋಗೋಣ ಅಂದಳು. ಬೇಡ ಅಂದಳು. ಕನ್ನಡಿಯಲ್ಲಿ ಬ್ಯಾಗು ನನ್ನನ್ನೇ ನೋಡುತ್ತಿದೆ, ನೋಡಿ ರೀ ನಿಮ್ಮ ಮಗಳನ್ನ.

ಮನೆ. ಬೆಲ್ಟ್ ಬಿಚ್ಚಿ ಬ್ಯಾಗು ಅವಳೇ ಎತ್ತಿಕೊಂಡಳು, ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ, ಇದೆ, ಬಿಸಾಕಿಲ್ಲ, ತೊಳೆದು ಒರೆಸಿ ಫಳಫಳ ಅನ್ನಿಸಿದ್ದಾಳೆ, ತಗೊಳ್ಳಿ ಅಂದಳು, ಎತ್ತಿದೆ, ಹಗುರ, ಖಾಲಿ. ಖಾಲಿ ಡಬ್ಬಿ ಕೈಗೆ ಕೊಟ್ಟರೆ ಏನರ್ಥ ಎಂದು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಸರಿಯಮ್ಮ ಅಂದೆ, ಸರಿ, ಫೋಟೋ ಆದರೂ ತೆಗೆದುಕೊಡು ಅಂದೆ. ಮುಚ್ಚಳ ತೆಗೀರಿ ಆಂಟಿ, ಅಪ್ಪ ಹೇಳ್ತಿರ್ಲಿಲ್ವಾ, ಖಾಲಿ ಡಬ್ಬಿ ಯಾರಿಗೂ ವಾಪಸ್ ಕೊಡ್ಬಾರ್ದು ಅಂತ. ತೆಗೆದೆ, ತಳದಲ್ಲಿ ನಾಲ್ಕು ಮಡಿಕೆಯ ಕಾಗದ, ಫಾರ್ಮಸಿಯವನ ಸೀಲು, ಮಂಗಳವಾರದ ತಾರೀಖು, ನಾನು ಟಿಕೆಟ್ ಬುಕ್ ಮಾಡುವ ಮುಂಚೆಯೇ! ಹೇಳಬಾರದೇನೇ ಹುಡುಗಿ, ಒಂದು ಗಂಟೆ ದಾರಿ ನನ್ನ ಜೀವ ತೆಗೆದೆಯಲ್ಲ ಅಂದೆ, ಬಾಯಲ್ಲಿ ಹೇಳಕ್ಕಾಗ್ಲಿಲ್ಲ ಆಂಟಿ, ಅದಕ್ಕೆ ಬರೆದೆ ಎನ್ನುತ್ತ ಮಾಧುರಿಯ ಕೋಡುಬಳೆ ಒಂದು ಎತ್ತಿ ಬಾಯಿಗೆ ಹಾಕಿಕೊಂಡಳು, ಆ ಕಡೆ ತಿರುಗಿ. ಇಂಗ್ಲಿಷಿನಲ್ಲಿದೆ, ನನ್ನ ತಲೆ ಕನ್ನಡದಲ್ಲೇ ಓದಿಕೊಳ್ಳುತ್ತದೆ, ಈ ಮದುವೆ ನನಗೆ ಇಷ್ಟವಿರಲಿಲ್ಲ, ಅದನ್ನು ಇಬ್ಬರಿಗೂ ಹೇಳಿದ್ದೆ, ನನ್ನ ತಂದೆಗೆ ಅಡುಗೆಯವರು ಬೇಕಿರಲಿಲ್ಲ, ಅಡುಗೆಯನ್ನು ಅವರೇ ಮಾಡುತ್ತಿದ್ದರು — ಪ್ರಮಾಣ ಮಾಡಿ ಬರೆದಿದ್ದಾಳೆ, ಸೀಲು ಹಾಕಿಸಿ! ನಗು, ಕಣ್ಣು ಮಂಜು, ಕನ್ನಡಕ ಒರೆಸಿ ಮುಂದೆ ಓದಿದೆ — ಎರಡು ವರ್ಷದ ಹಿಂದೆ ಒಂದು ಸಂಜೆ ತಂದೆ ಫೋನ್ ಮಾಡಿ ಡಬ್ಬಿಗಳ ವಿಷಯ ಹೇಳಿದರು, ಅನಸೂಯಾ ಕಿರುಚಿದ್ದರಿಂದ ಎಂಟರ ಬಾಲ ಹಾಳಾಯಿತು ಎಂದು ಹೇಳಿ ನಗುತ್ತಲೇ ಇದ್ದರು, ಅಮ್ಮ ಹೋದ ಮೇಲೆ ಅವರು ಫೋನಿನಲ್ಲಿ ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು, ಏಳು ವರ್ಷ ಎಲ್ಲಿ ಸಾಕಾಗುತ್ತದೆ, ಇದು ಮುಗಿದ ಮೇಲೆ ಇನ್ನೊಂದು ಸೆಟ್ ತರುತ್ತೇನೆ ಎಂದರು.

ಇನ್ನೊಂದು ಸೆಟ್ಟು. ಮಾತು ಬಿಟ್ಟ ಸಂಜೆ ಅದು, ನಾನು ರೂಮಿನಲ್ಲಿ ಮುಖ ತಿರುಗಿಸಿಕೊಂಡು ಮಲಗಿದ್ದೆ, ಬಾಲ್ಕನಿಯಲ್ಲಿ ಏನೋ ಗುಸುಗುಸು, ಮಗಳಿಗೆ ಫೋನು, ನನಗೆ ಒಂದು ಮಾತೂ ಹೇಳಲಿಲ್ಲ, ಎಷ್ಟೊಂದು ಜನರ ಮಾತು ಕೇಳಿಸಿಕೊಂಡ ಕಿವಿಗೆ ಅದೊಂದು ಕೇಳಿಸಲಿಲ್ಲ. ಪ್ರಣತಿ ತಿಂಡಿಯನ್ನೆಲ್ಲ ತನ್ನ ಡಬ್ಬಗಳಿಗೆ ಸುರಿದುಕೊಂಡಳು, ಏಳನ್ನೂ ಸಾಲಾಗಿಟ್ಟು ಫೋಟೋ ತೆಗೆದಳು, ಗೋಪೀನಾಥನಿಗೆ ಕಳಿಸಿದಳು, ಆಮೇಲೆ ಒಂದರೊಳಗೊಂದು ಇಡುತ್ತ ಬಂದಳು, ಚಿಕ್ಕದು ಅದಕ್ಕಿಂತ ದೊಡ್ಡದರೊಳಗೆ, ಅದು ಇನ್ನೊಂದರೊಳಗೆ, ಆರೂ ಹೋಗಿ ಅವಳ ದೊಡ್ಡ ಡಬ್ಬಿಯಲ್ಲಿ ಕೂತವು, ಮುಚ್ಚಳ ನನ್ನ ಕೈಯಲ್ಲಿದೆ, ಕೊಡಿ ಆಂಟಿ ಮುಚ್ತೀನಿ ಅಂದಳು, ಕೊಡುತ್ತೇನೆ ತಡಿಯಮ್ಮ ಅಂದೆ, ಹೆಬ್ಬೆರಳು ಎಂಟರ ಬಾಲದ ಮೇಲಿದೆ, ಅಲ್ಲಿಂದ ಅಂಚಿನವರೆಗೆ, ಅಂಚಿನಿಂದ ಮತ್ತೆ ಎಂಟಿಗೆ, ರೀ ಬೇಡಿ ರೀ ಅಂದೆನಲ್ಲ, ಕೊಡುತ್ತೇನೆ, ತಡಿ, ಎಂಟರಿಂದ ಅಂಚಿನವರೆಗೆ ಆ ಗೀಟು, ಆ ಗೀಟು —