ಬಚ್ಚಿಟ್ಟ ಗರಗಸ

ಸಾಯಲು ಹೋಗಿ ಬದುಕುಳಿದ ತಂಗಿಯನ್ನು ಅಕ್ಕ ಆಸ್ಪತ್ರೆಯಿಂದ ನೇರವಾಗಿ ತನ್ನ ಮನೆಗೇ ಕರೆತಂದಳು. ಅಕ್ಕನದು ಹೊಲಿಗೆ ಕೆಲಸ. ಮುಂದಿನ ಕೋಣೆಯೇ ಅಂಗಡಿ. ತಂಗಿ ಬರುವ ಮೊದಲೇ ಕತ್ತರಿ, ಬ್ಲೇಡು, ಅಡುಗೆಮನೆಯ ಚಾಕು ಎಲ್ಲವೂ ಬೀರು ಸೇರಿದ್ದವು. ಬೀಗದ ಕೈ ಅಕ್ಕನ ಕುತ್ತಿಗೆಯಲ್ಲಿ.

ತಂಗಿ ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲ ಚೌಕಟ್ಟಿನ ತೂತಿನೊಳಗೆ ಒಂಟಿಯಾಗಿ ಗೂಡು ಕಟ್ಟುವ ಜಾತಿಯ ಪುಟ್ಟ ಜೇನೊಂದು ಎಲೆಯ ಚೂರು ಹೊತ್ತು ನುಗ್ಗುವುದನ್ನು ಕಂಡಳು.

"ಅಕ್ಕಾ, ಇಂಥ ಹುಳಗಳಿಗೆ ಒಂದು ಪೆಟ್ಟಿಗೆ ಮಾಡೋಣ್ವಾ? ಮರದ ತುಂಡಿಗೆ ತೂತು ಕೊರೆದು ಇಟ್ರೆ ಸಾಕು, ತಾವೇ ಬಂದು ಮೊಟ್ಟೆ ಇಡ್ತವೆ. ಗರಗಸ ಎಲ್ಲಿ?"

ಮನೆಗೆ ಬಂದಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಅಕ್ಕನಿಗೆ ಸಂತೋಷಪಡಲೂ ಆಗಲಿಲ್ಲ.

"ಪಕ್ಕದ್ಮನೆಯವ್ರು ಒಯ್ದಿದಾರೆ ಕಣೇ."

ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಬರಿಗೈಯಲ್ಲಿ ಮರಳಿದಳು.

"ಅವ್ರು ನಮ್ಮ ಗರಗಸಾನ ಕಣ್ಣಲ್ಲೂ ನೋಡಿಲ್ವಂತೆ. ಬಚ್ಚಿಟ್ಟಿದೀಯ ತಾನೆ? ನಾನೇನು ಕಳ್ಳಿನಾ ಅಕ್ಕಾ?"

"ಕಳ್ಳಿ ಆಗಿದ್ರೆ ಚೆನ್ನಾಗಿತ್ತು. ಸಾಮಾನು ಹೋದ್ರೆ ಮತ್ತೆ ತರಬಹುದು," ಅಂದವಳೇ ಅಕ್ಕ ಗಳಗಳನೆ ಅತ್ತಳು.

ತಂಗಿ ಸಮಾಧಾನ ಹೇಳಲಿಲ್ಲ. ಗರಗಸಕ್ಕಾಗಿ ಕೈ ಚಾಚಿದಳು. ಕೊನೆಗೆ ಅಕ್ಕ ಬೀರು ತೆರೆದು ಗರಗಸ ಕೊಟ್ಟಳು, ಡ್ರಿಲ್ಲನ್ನೂ ಕೊಟ್ಟಳು.

ಹಿತ್ತಿಲಲ್ಲಿ ತಂಗಿ ಮುರಿದ ಕಪಾಟಿನ ಹಲಗೆ ಕೊಯ್ಯತೊಡಗಿದಳು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತಳು, ಕಿವಿಯೆಲ್ಲ ಹಿತ್ತಿಲಲ್ಲೇ. ಸದ್ದು ನಿಂತಾಗಲೆಲ್ಲ ಎದ್ದು ಓಡುತ್ತಿದ್ದಳು. ಒಮ್ಮೆ ತಂಗಿ ಹಲಗೆ ಅಳೆಯುತ್ತಿದ್ದಳು. ಮತ್ತೊಮ್ಮೆ ಕೊರೆದ ತೂತಿಗೆ ಬಾಯಿಟ್ಟು ಹೊಟ್ಟು ಊದುತ್ತಿದ್ದಳು, ಮೂಗೆಲ್ಲ ಪುಡಿ.

"ಇನ್ನೆಷ್ಟು ಸಲ ಓಡಿ ಬರ್ತೀಯ ಅಕ್ಕಾ?"

"ಗೊತ್ತಿಲ್ಲ ಕಣೇ. ನನ್ ಕೈಲಿಲ್ಲ ಅದು."

"ಹಾಗಾದ್ರೆ ಈ ತುದಿ ಹಿಡ್ಕೋ, ಮೊಳೆ ಹೊಡೀಬೇಕು. ಅಲ್ಲಾಡಿಸ್ಬೇಡ."

ಅಕ್ಕ ಹಿಡಿದ ತುದಿ ಜಾರಿ ಮೇಲಿನ ಹಲಗೆ ಸೊಟ್ಟಗಾಯಿತು.

"ಮಳೆ ನೀರು ಜಾರೋಕೆ ಒಳ್ಳೇದೇ ಬಿಡು," ಎಂದಳು ತಂಗಿ. ನಗಲಿಲ್ಲ.

ಬಿಸಿಲು ಬೀಳುವ ಗೋಡೆಗೆ ಪೆಟ್ಟಿಗೆ ಬಿಗಿದಾಯಿತು. ತಂಗಿ ಕೈ ತೊಳೆಯಲು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಹಿಂದೆಯೇ ಹೋದ ಅಕ್ಕ ಬಾಗಿಲು ಬಡಿಯಲು ಕೈ ಎತ್ತಿದಳು. ಬಡಿಯಲಿಲ್ಲ.

"ಒಳಗೆ ಸೋಪು ಇದೆಯೇನೇ?" ಎಂದು ಕೂಗಿದಳು.

ನೀರಿನ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಕಿವಿಯಿಟ್ಟಳು.

"ಇದೆ ಅಕ್ಕಾ."