ಉಲ್ಟಾ ಕೂತ ಪಿಸ್ಟನ್

ನನ್ನ ತಮ್ಮನಿಗೆ ಮನೆಯಲ್ಲಿ ‘ಒಣಪೆಟ್ರೋಲು’ ಎಂಬ ಅಡ್ಡಹೆಸರಿದೆ. ಇಟ್ಟವಳು ನಾನೇ. ಹನ್ನೊಂದು ವರ್ಷದ ಹಿಂದೆ ಅಪ್ಪನ ಚೈನ್‌ಸಾ ಅವನ ಕೈಯಲ್ಲಿ ಕಟಕ್ಕೆಂದು ನಿಂತುಹೋಗಿತ್ತು. ಮರ ಕೊಯ್ಯುತ್ತ, ಇಂಥ ಮಷಿನ್‌ಗಳ ರಿಪೇರಿ ಅಂಗಡಿಯನ್ನೂ ನಡೆಸುತ್ತಿದ್ದ ಅಪ್ಪ ಆ ಬೆಳಿಗ್ಗೆಯಷ್ಟೇ ಅದಕ್ಕೆ ಹೊಸ ಪಿಸ್ಟನ್ ಹಾಕಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸದೆ ಓಡಿಸಿ ಎಂಜಿನ್ ಸುಟ್ಟೆ ಎಂದು ಕೂಗಾಡಿದರು. ಬೆರೆಸಿದ್ದೆ ಎಂದು ತಮ್ಮ ಮೂರು ಸಲ ಹೇಳಿ ಬಾಯಿ ಮುಚ್ಚಿಕೊಂಡ. ಆಮೇಲೆ ಅಪ್ಪ ಅವನಿಗೆ ಒಂದು ಸ್ಪ್ಯಾನರ್ ಕೂಡ ಮುಟ್ಟಗೊಡಲಿಲ್ಲ. ಅವನು ಸ್ಕೂಲ್ ಬಸ್ ಓಡಿಸಲು ಹೋದ, ರಿಪೇರಿ ಅಂಗಡಿ ನನ್ನ ಪಾಲಿಗೆ ಬಂತು. ಈಗ ಅವನ ಮಕ್ಕಳೂ ಆ ಹೆಸರು ಹಿಡಿದು ಅವನನ್ನು ಗೋಳು ಹುಯ್ದುಕೊಳ್ಳುತ್ತಾರೆ.

ನನಗಿಂತ ಹಳೆಯದಾದ ಆ ಮಷಿನ್ ಮೇಲೆ ಅಪ್ಪನಿಗೆ ಪ್ರಾಣ. ಸುಟ್ಟಿದ್ದನ್ನು ಬಿಚ್ಚಿ ನೋಡುವುದೇನು ಎಂದು ಇಷ್ಟು ವರ್ಷ ಮುಟ್ಟಲು ಬಿಟ್ಟಿರಲಿಲ್ಲ. ಹಳೇ ಗಿರಾಕಿಯೊಬ್ಬರು ಅದೇ ಮಾದರಿಯ ಸಿಲಿಂಡರ್ ಮತ್ತು ಪಿಸ್ಟನ್ ತಂದುಕೊಟ್ಟ ಮೇಲೆ ಅಪ್ಪ ಹೇಗೋ ಒಪ್ಪಿದರು. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು, ನಾನು ಬೋಲ್ಟ್ ಬಿಚ್ಚುವ ರೀತಿಯಲ್ಲೂ ತಪ್ಪು ಹುಡುಕುತ್ತ ಕುಳಿತರು.

ಸಿಲಿಂಡರ್ ಮೇಲೆತ್ತಿದೆ. ಆಯಿಲ್ ಇಲ್ಲದೆ ಓಡಿದ್ದರೆ ಪಿಸ್ಟನ್ ಸುತ್ತ ಗೀರು ಬಿದ್ದಿರಬೇಕಿತ್ತು. ಒಂದೂ ಇರಲಿಲ್ಲ. ಪಿಸ್ಟನ್ನಿಗೆ ತೊಡಿಸಿದ ರಿಂಗ್ ಮಾತ್ರ ತುಂಡಾಗಿತ್ತು. ಹೆಬ್ಬೆರಳಿನಿಂದ ಪಿಸ್ಟನ್ ತಲೆಯ ಮಸಿ ಒರೆಸಿದೆ. ಅಲ್ಲೊಂದು ಬಾಣದ ಗುರುತಿರುತ್ತದೆ, ಅದು ಸೈಲೆನ್ಸರ್ ಕಡೆಗಿರಬೇಕು. ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಅದು. ಉಲ್ಟಾ ಕೂತರೆ ರಿಂಗಿನ ತುದಿ ಹೊಗೆ ಹೋಗುವ ತೂತಿಗೆ ಸಿಕ್ಕಿ ಮುರಿಯುತ್ತದೆ. ಇಲ್ಲಿ ಬಾಣ ಸೈಲೆನ್ಸರಿಗೆ ಎದುರುಬದಿಯ ಕಾರ್ಬುರೇಟರ್ ಕಡೆಗಿತ್ತು.

ಅಪ್ಪ ಕನ್ನಡಕ ಒರೆಸುತ್ತಿದ್ದರು, ಬಾಣವನ್ನು ಇನ್ನೂ ನೋಡಿರಲಿಲ್ಲ. ಪಿಸ್ಟನ್ ಕಳಚಿ ಗುಜರಿ ಡಬ್ಬಕ್ಕೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಪ್ಪತ್ತೆಂಟರ ಜೀವವನ್ನು ಈಗ ನೋಯಿಸುವುದೇಕೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಆ ಅಡ್ಡಹೆಸರಿಟ್ಟ ನನ್ನ ಮುಖ ಉಳಿಸಿಕೊಳ್ಳುವ ಆಸೆಯೂ ಇತ್ತು. ಆ ಆಸೆಗೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮಷಿನ್ ಅವರ ಕಡೆ ತಿರುಗಿಸಿದೆ.

“ಅಪ್ಪಾ, ಬಾಣ ನೋಡಿ.”

ಅವರು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮನನ್ನು ಕರೆಸು ಎಂದರು.

ಬಸ್ ನಿಲ್ಲಿಸಿ ಅವನು ಯೂನಿಫಾರ್ಮಿನಲ್ಲೇ ಬಂದ. ಅಪ್ಪ ಹೊಸ ಪಿಸ್ಟನ್ ಅವನ ಕೈಗಿಟ್ಟು, ಬಾಣ ಯಾವ ಕಡೆಗೆ ಎಂದು ಕೇಳಿದರು. ಅವನು ಸೈಲೆನ್ಸರ್ ಕಡೆಗೆ ಎಂದ.

“ಅವತ್ತು ನಾನು ಉಲ್ಟಾ ಹಾಕಿದ್ದೆ ಕಣೋ. ತಪ್ಪು ನಂದು, ಶಿಕ್ಷೆ ನಿಂಗೆ ಕೊಟ್ಟೆ.”

ತಮ್ಮ ಶರ್ಟಿನ ತೋಳು ಮಡಿಸಿ ಕೆಲಸಕ್ಕೆ ಕುಳಿತ. ಕೈ ಏನನ್ನೂ ಮರೆತಿರಲಿಲ್ಲ. ಸಂಜೆಯ ಹೊತ್ತಿಗೆ, ನಾಲ್ಕನೇ ಸಲ ಹಗ್ಗ ಎಳೆದಾಗ ಮಷಿನ್ ಸ್ಟಾರ್ಟ್ ಆಯಿತು. ಅಪ್ಪ ಕಣ್ಣೊರೆಸಿಕೊಂಡು, ಕಣ್ಣಿಗೆ ಹೊಗೆ ಹೋಯಿತು ಅಂದರು.

ಇನ್ನು ಮೇಲೆ ಆ ಹೆಸರಿಂದ ನಿನ್ನನ್ನು ಯಾರೂ ಕರೆಯಬಾರದು ಎಂದು ನಾನು ತಮ್ಮನಿಗೆ ಹೇಳಿದೆ. ಅವನು ಬಟ್ಟೆ ತುಂಡಿಗೆ ಕೈ ಒರೆಸಿಕೊಂಡ.

“ಮಕ್ಕಳಿಗೆ ನೀನೇ ಹೇಳಕ್ಕ. ನಾನು ಹೇಳಿದ್ರೆ ನಂಬಲ್ಲ.”