ಯಂತ್ರಕ್ಕೆ ಹೊದಿಸಿದ ಪಂಚೆ

ಲಕ್ಷ್ಮೀನರಸಮ್ಮನ ಮನೆಯಲ್ಲಿ ಬಟ್ಟೆ ಮುಚ್ಚದ ವಸ್ತುವೇ ಇರಲಿಲ್ಲ. ಕೆಂಚಾರ್ಲಹಳ್ಳಿ ದಾಟಿದರೆ ಸಿಗುವ ಆ ಊರಿನ ಗುಡ್ಡದಲ್ಲಿ ಜಲ್ಲಿ ಕ್ರಷರ್ ಶುರುವಾದಂದಿನಿಂದ ಹಾಲಿನ ಪಾತ್ರೆ, ಬಿಂದಿಗೆ, ಟಿವಿ, ರೇಷ್ಮೆ ಹುಳಕ್ಕೆ ತಂದ ಸೊಪ್ಪು, ಎಲ್ಲಕ್ಕೂ ಮುಸುಕು. ಮುಸುಕು ಹಾಕಲಾಗದ್ದು ಒಂದೇ, ಮೊಮ್ಮಗಳು ತನುಜಳ ಎದೆ. ಆರು ವರ್ಷದ ಕೂಸು ಉಸಿರೆಳೆದರೆ ಗೊರಗೊರ ಎನ್ನುತ್ತಿತ್ತು. "ಧೂಳು ನಿಲ್ಲದೆ ಇದು ನಿಲ್ಲಲ್ಲಮ್ಮ" ಎಂದಿದ್ದರು ಚಿಂತಾಮಣಿಯ ಡಾಕ್ಟರು.

ಸೊಸೆ ರಾಧಾಮಣಿ ಸುಮ್ಮನೆ ಬಿಡುವ ಹೆಂಗಸಲ್ಲ. ಅರ್ಜಿ ಮೇಲೆ ಅರ್ಜಿ ಹಾಕಿ, ಚಪ್ಪಲಿ ಸವೆಸಿ, ವರ್ಷದ ಮೇಲೆ ಗಾಳಿಯ ಧೂಳು ಅಳೆಯುವ ಅಧಿಕಾರಿಗಳನ್ನು ಊರಿಗೆ ಕರೆಸಿದಳು. ಅವರು ಬೆಳಿಗ್ಗೆ ಇವರ ತಾರಸಿಯ ಮೇಲೆ ಯಂತ್ರ ಇಟ್ಟು, "ನಾಳೆ ಇದೇ ಹೊತ್ತಿಗೆ ಬರ್ತೀವಿ, ಯಾರೂ ಮುಟ್ಬೇಡಿ. ಮಿತಿಗಿಂತ ಜಾಸ್ತಿ ಧೂಳು ಕಂಡ್ರೆ ಕ್ರಷರ್ ನಿಲ್ಸಕ್ಕೆ ಬರೀತೀವಿ" ಎಂದು ಹೋದರು. ಅಂಗನವಾಡಿಗೆ ಹೊರಟ ರಾಧಾಮಣಿ, "ಸರ್ಕಾರದ ಸಾಮಾನು, ಜೋಪಾನ ಅತ್ತೆ" ಎಂದಳು.

ಜೋಪಾನ ಎಂಬ ಮಾತಿಗೆ ಆ ಮನೆಯಲ್ಲಿದ್ದದ್ದು ಒಂದೇ ಅರ್ಥ. ಮುದುಕಿ ತಾರಸಿ ಹತ್ತಿ ನೋಡಿದರೆ ಯಂತ್ರದ ನೆತ್ತಿಯ ಮೇಲೆ ಆಗಲೇ ಬಿಳಿ ಪುಡಿ. ಕೆಟ್ಟುಹೋದರೆ ಯಾರು ಉತ್ತರ ಹೇಳುವವರು? ಗಂಡನ ಒಗೆದ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಹಾರದಂತೆ ದಾರ ಬಿಗಿದಳು. ಮುಟ್ಟಬೇಡಿ ಎಂದಿದ್ದರು, ನಿಜ. ಮುಟ್ಟಿದ್ದು ತಾನಲ್ಲವಲ್ಲ, ಬಟ್ಟೆ. ಮರುದಿನ ಅವರು ಬರುವ ಮುಂಚೆ ಬಿಚ್ಚಿ ಒಗೆದು ಹಾಕಿದಳು.

ಇಪ್ಪತ್ತು ದಿನಕ್ಕೆ ವರದಿ ಬಂತು. ಜಗಲಿಯಲ್ಲಿ ಕೂತು ರಾಧಾಮಣಿ ಎರಡು ಸಲ ಓದಿದಳು.

"ನಮ್ಮೂರ ಗಾಳಿ ಚೆನ್ನಾಗೈತಂತೆ ಅತ್ತೆ. ಕ್ರಷರ್ ನಡೀಬೋದಂತೆ. ಎಲ್ಲಾ ಒಳಗೊಳಗೇ ಮಾತಾಡ್ಕೊಂಡವ್ರೆ."

"ಆ ಮಿಷನ್ನು ಅದೆಂಗಮ್ಮ ಕಂಡ್ಹಿಡಿತೈತೆ?"

"ನಮ್ಮಂಗೇನೆ, ಉಸಿರೆಳ್ಕೊಂತೈತೆ. ಒಳಗೆ ಎಷ್ಟು ಧೂಳು ಹೋಯ್ತು ಅಂತ ನೋಡ್ತಾರೆ."

ಪಂಚೆ ಒಗೆದಾಗ ಕಲ್ಲಿನ ಮೇಲೆ ಹರಿದ ಬೂದು ನೀರು ಲಕ್ಷ್ಮೀನರಸಮ್ಮನ ಕಣ್ಣಿಗೆ ಕಟ್ಟಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಬೈಗುಳವೆಲ್ಲ ಅಧಿಕಾರಿಗಳ ಪಾಲಾಗುತ್ತಿತ್ತು. ಒಳಗೆ ತನುಜ ಕೆಮ್ಮಿದಳು.

"ಅದರ ಮೂಗು ಮುಚ್ಚಿದ್ದು ನಾನೇ ಕಣಮ್ಮ. ಧೂಳು ಕೂತ್ಕಂತೈತೆ ಅಂತ ಪಂಚೆ ಹೊದ್ಸಿದ್ದೆ."

ರಾಧಾಮಣಿ ಬೈಯಲಿಲ್ಲ. ಬೈದಿದ್ದರೆ ಮುದುಕಿಗೆ ಹಗುರವಾಗುತ್ತಿತ್ತು. ಎದ್ದು ಹೊಸ ಅರ್ಜಿಗೆ ಹಾಳೆ ತಂದು, ಅತ್ತೆ ಹೇಳಿದ್ದನ್ನೆಲ್ಲ ಬರೆದುಕೊಂಡಳು.

"ಇನ್ನೊಂದ್ ವರ್ಷ ಆಗ್ತೈತೆ ಅವ್ರು ಬರೋಕೆ" ಎಂದು ಹಾಳೆ ಮುಂದಿಟ್ಟಳು.

ಲಕ್ಷ್ಮೀನರಸಮ್ಮ ಹೆಬ್ಬೆಟ್ಟು ಒತ್ತಿದಳು. ಅಷ್ಟರಲ್ಲೇ ಹಾಳೆಯ ಮೇಲೆ ಬಿಳಿ ಪುಡಿ ಕೂತಿತ್ತು. ಒರೆಸಲು ಸೆರಗು ತಂದ ಅವಳ ಕೈಯನ್ನು ಸೊಸೆ ಹಿಡಿದಳು.

"ಇರ್ಲಿ ಬಿಡಿ ಅತ್ತೆ. ಅರ್ಜಿ ಜೊತೆ ಅದೂ ಹೋಗ್ಲಿ."